ಡಾಟ್ಸನ್ 240ಝಡ್ ಕಾರಿನ ಎಂಜಿನ್ ಮತ್ತು ಡ್ರೈವ್‌ಟ್ರೇನ್ ಮಾರ್ಪಾಡು

ಡಾಟ್ಸನ್ 240ಝಡ್ ಕಾರಿನ ಮಾರ್ಪಾಡು ಎಂಬುದು ಜಪಾನಿನ ನಿಸ್ಸಾನ್ ಕಂಪನಿಯು 1969ರಿಂದ 1978ರವರೆಗೆ ತಯಾರಿಸಿದ ಎಸ್30 ಸರಣಿಯ ಕ್ರೀಡಾ ಕಾರುಗಳಿಗೆ ಹೆಚ್ಚು ಶಕ್ತಿಯ ಎಂಜಿನ್ ಮತ್ತು ಅದಕ್ಕೆ ತಕ್ಕ ಡ್ರೈವ್‌ಟ್ರೇನ್ ಅಳವಡಿಸುವ ರೂಢಿಯಾಗಿದೆ. ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುವ ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಮತ್ತು ಹಾಫ್ ಶಾಫ್ಟ್‌ಗಳನ್ನು ಒಟ್ಟಾಗಿ ಡ್ರೈವ್‌ಟ್ರೇನ್ ಎನ್ನಲಾಗುತ್ತದೆ. ಹಳೆಯ ಜಪಾನಿ ಕಾರುಗಳಲ್ಲಿ ಅತಿ ಹೆಚ್ಚಾಗಿ ಮಾರ್ಪಾಡಿಗೆ ಒಳಗಾದವುಗಳ ಸಾಲಿನಲ್ಲಿ 240ಝಡ್ ಮತ್ತು ಅದರ ಸೋದರ ಮಾದರಿಗಳಾದ 260ಝಡ್, 280ಝಡ್ ಸೇರುತ್ತವೆ.

ಈ ಬಗೆಯ ಮಾರ್ಪಾಡು ಕೇವಲ ಎಂಜಿನ್ನಿಗೆ ಸೀಮಿತವಾಗಿ ಉಳಿಯುವುದಿಲ್ಲ. ಒಂದು ಭಾಗದ ಸಾಮರ್ಥ್ಯವನ್ನು ಹೆಚ್ಚಿಸಿದಾಗ ಅದರ ಮುಂದಿನ ಭಾಗದ ದೌರ್ಬಲ್ಯ ಹೊರಬೀಳುತ್ತದೆ. ಆದ್ದರಿಂದ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬ್ರೇಕ್ ಮತ್ತು ದೇಹಚೌಕಟ್ಟುಗಳನ್ನು ಒಂದೇ ಸರಪಳಿಯ ಕೊಂಡಿಗಳೆಂದು ಪರಿಗಣಿಸಬೇಕಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮೂಲರೂಪದ ಕಾರುಗಳ ಬೆಲೆ ಏರಿರುವುದರಿಂದ, ಮಾರ್ಪಾಡು ಮಾಡಬೇಕೆ ಅಥವಾ ಮೂಲರೂಪದಲ್ಲೇ ಉಳಿಸಬೇಕೆ ಎಂಬ ಪ್ರಶ್ನೆಗೂ ಮಹತ್ವ ಬಂದಿದೆ.

ಹಿನ್ನೆಲೆ

ಎಸ್30 ಸರಣಿಯ ಕಾರು 1969ರ ಅಕ್ಟೋಬರ್‌ನಲ್ಲಿ ಬೆಳಕಿಗೆ ಬಂದಿತು. ಜಪಾನಿನಲ್ಲಿ ಇದನ್ನು ನಿಸ್ಸಾನ್ ಫೇರ್‌ಲೇಡಿ ಝಡ್ ಎಂದೂ ಅಮೆರಿಕದಲ್ಲಿ ಡಾಟ್ಸನ್ 240ಝಡ್ ಎಂದೂ ಮಾರಲಾಯಿತು. ಅಮೆರಿಕದ ಮಾರುಕಟ್ಟೆಗೆ ಇಂಥದೊಂದು ಕಾರು ಬೇಕೆಂದು ಒತ್ತಾಯಿಸಿದವರಲ್ಲಿ ಅಲ್ಲಿನ ನಿಸ್ಸಾನ್ ಶಾಖೆಯನ್ನು ಮುನ್ನಡೆಸಿದ ಯುಟಾಕಾ ಕತಯಾಮಾ ಪ್ರಮುಖರು. ಅಮೆರಿಕದಲ್ಲಿ ಕಾರಿನ ಆರಂಭದ ಬೆಲೆ ಸುಮಾರು 3,500 ಡಾಲರ್ ಇತ್ತು. ಯುರೋಪಿನ ಕ್ರೀಡಾ ಕಾರುಗಳ ವೇಗವನ್ನು ಕಡಿಮೆ ಬೆಲೆಗೆ ಒದಗಿಸಿದ ಕಾರಣ ಇದು ಬೇಗನೆ ಜನಪ್ರಿಯವಾಯಿತು. ಸರಣಿಯ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು.

ಕಾರಿನ ತೂಕ ಸುಮಾರು 1,050 ಕಿಲೋಗ್ರಾಂ. ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್, ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಮತ್ತು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದ್ದವು. ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇತ್ತು. ಎಂಜಿನ್ ಮುಂಭಾಗದಲ್ಲಿದ್ದು ಹಿಂದಿನ ಚಕ್ರಗಳು ಚಾಲಿತವಾಗುತ್ತಿದ್ದವು. 240ಝಡ್‌ನ ಎಲ್24 ಎಂಜಿನ್ 2,393 ಸಿಸಿ ಸಾಮರ್ಥ್ಯದ, ಒಂದೇ ಸಾಲಿನಲ್ಲಿ ಆರು ಸಿಲಿಂಡರ್‌ಗಳುಳ್ಳ ಎಂಜಿನ್ ಆಗಿತ್ತು. ಎರಡು ಹಿಟಾಚಿ ಕಾರ್ಬ್ಯುರೇಟರ್‌ಗಳೊಂದಿಗೆ, ಆ ಕಾಲದ ಅಮೆರಿಕನ್ ಅಳತೆಯ ಕ್ರಮದಂತೆ, ಇದರ ಶಕ್ತಿಯನ್ನು 151 ಅಶ್ವಶಕ್ತಿ ಎಂದು ಘೋಷಿಸಲಾಗಿತ್ತು.

ಜಪಾನಿನಲ್ಲಿ 2,000 ಸಿಸಿ ಮೀರಿದ ಕಾರುಗಳ ಮೇಲೆ ಹೆಚ್ಚಿನ ತೆರಿಗೆ ಇದ್ದುದರಿಂದ ಅಲ್ಲಿನ ಸಾಮಾನ್ಯ ಫೇರ್‌ಲೇಡಿ ಝಡ್‌ಗೆ 1,998 ಸಿಸಿಯ ಎಲ್20 ಎಂಜಿನ್ ಅಳವಡಿಸಲಾಗುತ್ತಿತ್ತು. ಇದಲ್ಲದೆ ಸ್ಕೈಲೈನ್ ಜಿಟಿ-ಆರ್ ಕಾರಿನ ಎಸ್20 ಎಂಜಿನ್ ಹೊಂದಿದ ಝಡ್432 ಎಂಬ ವಿರಳ ಮಾದರಿಯೂ ಇತ್ತು. ಅದರ ಹೆಸರು ಸಿಲಿಂಡರ್ ಒಂದಕ್ಕೆ 4 ವಾಲ್ವ್, 3 ಕಾರ್ಬ್ಯುರೇಟರ್ ಮತ್ತು 2 ಕ್ಯಾಮ್‌ಶಾಫ್ಟ್ ಎಂಬುದನ್ನು ಸೂಚಿಸುತ್ತದೆ. ಒಂದೇ ದೇಹಕ್ಕೆ ಬೇರೆ ಬೇರೆ ಎಂಜಿನ್‌ಗಳನ್ನು ಕೂರಿಸುವ ಕ್ರಮ ಹೀಗೆ ಕಾರ್ಖಾನೆಯಲ್ಲೇ ಆರಂಭವಾಗಿತ್ತು.

ಮಾರ್ಪಾಡಿಗೆ ಕಾರಣಗಳು

ಈ ಸರಣಿ ಮಾರ್ಪಾಡುಗಾರರ ಆಯ್ಕೆಯಾಗಲು ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ಕಾರಿನ ಕಡಿಮೆ ತೂಕ. ತೂಕ ಕಡಿಮೆಯಿದ್ದಷ್ಟೂ ಹೆಚ್ಚುವರಿ ಶಕ್ತಿಯ ಪರಿಣಾಮ ಹೆಚ್ಚು. ಎರಡನೆಯದು ಬಾನೆಟ್ಟಿನ ಉದ್ದ. ಆರು ಸಿಲಿಂಡರ್‌ಗಳ ಉದ್ದ ಸಾಲಿಗಾಗಿ ಮಾಡಿದ ಸ್ಥಳದಲ್ಲಿ ಅನೇಕ ಬಗೆಯ ಎಂಜಿನ್‌ಗಳು ಹಿಡಿಯುತ್ತವೆ. ಮೂರನೆಯದು ಬಿಡಿಭಾಗಗಳ ಹೊಂದಾಣಿಕೆ. ನಿಸ್ಸಾನ್ ತನ್ನ ಎಲ್ ಸರಣಿಯ ಎಂಜಿನ್‌ಗಳನ್ನು ಹಲವು ವರ್ಷ ಹಲವು ಮಾದರಿಗಳಲ್ಲಿ ಬಳಸಿದ್ದರಿಂದ, ಒಂದು ಕಾರಿನ ಕ್ರ್ಯಾಂಕ್‌ಶಾಫ್ಟ್, ಹೆಡ್ ಅಥವಾ ಗೇರ್‌ಬಾಕ್ಸ್ ಮತ್ತೊಂದಕ್ಕೆ ಹೊಂದುತ್ತದೆ. ಗುಜರಿಗೆ ಬಂದ ಸಾಮಾನ್ಯ ಸೆಡಾನ್ ಕಾರುಗಳಿಂದಲೇ ಬೇಕಾದ ಭಾಗಗಳನ್ನು ಪಡೆಯಲು ಸಾಧ್ಯವಾಗುತ್ತಿತ್ತು.

ಇವುಗಳ ಜೊತೆಗೆ ಮೂಲ ಕಾರಿನ ಕೆಲವು ಕೊರತೆಗಳೂ ಮಾರ್ಪಾಡಿಗೆ ದಾರಿಮಾಡಿದವು. ಹೊರಸೂಸುವಿಕೆಯ ನಿಯಮಗಳಿಗೆ ಹೊಂದಿಸಲು ಅಮೆರಿಕದಲ್ಲಿ 1973ರ ಮಾದರಿಯಿಂದ ಅಳವಡಿಸಿದ ಹೊಸ ಬಗೆಯ ಕಾರ್ಬ್ಯುರೇಟರ್‌ಗಳು ಬಿಸಿಯಾದಾಗ ಸರಿಯಾಗಿ ಕೆಲಸ ಮಾಡದೆ ಅಪಖ್ಯಾತಿ ಪಡೆದವು. ಅನೇಕ ಮಾಲೀಕರು ಅವನ್ನು ತೆಗೆದು ಹಿಂದಿನ ವರ್ಷಗಳ ಕಾರ್ಬ್ಯುರೇಟರ್‌ಗಳನ್ನೇ ಹಾಕಿಸಿಕೊಂಡರು. 1975ರಲ್ಲಿ ಬಂದ 280ಝಡ್ ಕಾರು ಬಾಷ್ ತಂತ್ರಜ್ಞಾನದ ಇಂಧನ ಇಂಜೆಕ್ಷನ್ ಪಡೆಯಿತು, ಆದರೆ ಅದರ ತೂಕ ಹೆಚ್ಚಾಗಿತ್ತು.

ಮೂಲ ಎಂಜಿನ್ನಿನ ಸಾಮರ್ಥ್ಯ ಹೆಚ್ಚಿಸುವಿಕೆ

ಅತ್ಯಂತ ಹಳೆಯ ಮತ್ತು ಸರಳವಾದ ಮಾರ್ಗವೆಂದರೆ ಎಲ್ ಸರಣಿಯ ಎಂಜಿನ್ನನ್ನೇ ಉಳಿಸಿಕೊಂಡು ಅದರ ಘನ ಸಾಮರ್ಥ್ಯವನ್ನು ಹೆಚ್ಚಿಸುವುದು. ಸಿಲಿಂಡರಿನ ವ್ಯಾಸವನ್ನು ಬೋರ್ ಎಂದೂ ಪಿಸ್ಟನ್ ಚಲಿಸುವ ದೂರವನ್ನು ಸ್ಟ್ರೋಕ್ ಎಂದೂ ಕರೆಯುತ್ತಾರೆ. ಇವೆರಡರಲ್ಲಿ ಯಾವುದನ್ನು ಹೆಚ್ಚಿಸಿದರೂ ಎಂಜಿನ್ ಪ್ರತಿ ಸುತ್ತಿನಲ್ಲಿ ಹೆಚ್ಚು ಗಾಳಿ ಮತ್ತು ಇಂಧನವನ್ನು ಸೆಳೆದುಕೊಳ್ಳುತ್ತದೆ.

| ಎಂಜಿನ್ | ಬೋರ್ (ಮಿ.ಮೀ.) | ಸ್ಟ್ರೋಕ್ (ಮಿ.ಮೀ.) | ಸಾಮರ್ಥ್ಯ (ಸಿಸಿ) |
|---|---|---|---|
| ಎಲ್20 | 78 | 69.7 | 1,998 |
| ಎಲ್24 | 83 | 73.7 | 2,393 |
| ಎಲ್26 | 83 | 79 | 2,565 |
| ಎಲ್28 | 86 | 79 | 2,753 |
| ಎಲ್28, ಡೀಸೆಲ್ ಕ್ರ್ಯಾಂಕ್‌ಶಾಫ್ಟ್ ಸಹಿತ | 86 | 83 | ಸುಮಾರು 2,890 |
| ಎಲ್28, ಡೀಸೆಲ್ ಕ್ರ್ಯಾಂಕ್‌ಶಾಫ್ಟ್ ಮತ್ತು ದೊಡ್ಡ ಪಿಸ್ಟನ್ ಸಹಿತ | 89 | 83 | ಸುಮಾರು 3,100 |

240ಝಡ್‌ಗೆ 280ಝಡ್‌ನ ಎಲ್28 ಎಂಜಿನ್ ಕೂರಿಸುವುದು ಇವುಗಳಲ್ಲಿ ಸುಲಭವಾದ ಕೆಲಸ. ಹೊರ ಅಳತೆಗಳು ಹಾಗೂ ಮೌಂಟಿಂಗ್‌ಗಳು ಹೊಂದುವುದರಿಂದ ದೇಹವನ್ನು ಕತ್ತರಿಸುವ ಅಗತ್ಯ ಬೀಳುವುದಿಲ್ಲ. ಪಟ್ಟಿಯ ಕೊನೆಯಲ್ಲಿರುವ 3.1 ಲೀಟರ್ ಎಂಜಿನ್ ಝಡ್ ಅಭಿಮಾನಿಗಳಲ್ಲಿ ಹೆಸರುವಾಸಿಯಾದ ಸಂಯೋಜನೆಯಾಗಿದೆ. ಇದರಲ್ಲಿ ಎಲ್28 ಬ್ಲಾಕನ್ನು 89 ಮಿ.ಮೀ.ಗೆ ಬೋರ್ ಮಾಡಿ, ನಿಸ್ಸಾನಿನ ಎಲ್‌ಡಿ28 ಡೀಸೆಲ್ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ಎಲ್24ರ 133 ಮಿ.ಮೀ. ಉದ್ದದ ಕನೆಕ್ಟಿಂಗ್ ರಾಡ್‌ಗಳು ಮತ್ತು ನಂತರದ ಕೆಎ24 ಎಂಜಿನ್ನಿನ ಪಿಸ್ಟನ್‌ಗಳನ್ನು ಬಳಸುತ್ತಾರೆ. ಹೀಗೆ ನಾಲ್ಕು ಎಂಜಿನ್‌ಗಳ ಭಾಗಗಳು ಒಂದೇ ಎಂಜಿನ್ನಿನಲ್ಲಿ ಸೇರುತ್ತವೆ.

ಈ ಕ್ರಮಕ್ಕೆ ಮಿತಿಗಳೂ ಇವೆ. ಬೋರ್ ಹೆಚ್ಚಿಸಿದಂತೆ ಸಿಲಿಂಡರ್‌ಗಳ ಗೋಡೆ ತೆಳುವಾಗುತ್ತದೆ. ಎರಕದ ಸಮಯದಲ್ಲಿ ಒಳ ಅಚ್ಚು ಸ್ವಲ್ಪ ಸರಿದಿದ್ದರೂ ಒಂದು ಬದಿಯ ಗೋಡೆ ಮತ್ತೊಂದು ಬದಿಗಿಂತ ತೆಳುವಾಗಿರುತ್ತದೆ. ಆದ್ದರಿಂದ ಬೋರ್ ಮಾಡುವ ಮೊದಲು ಶ್ರವಣಾತೀತ ತರಂಗದ ಉಪಕರಣದಿಂದ ಪ್ರತಿ ಸಿಲಿಂಡರಿನ ಗೋಡೆಯ ದಪ್ಪವನ್ನು ಅಳೆಯಲಾಗುತ್ತದೆ. ತೆಳು ಗೋಡೆಯ ಬ್ಲಾಕ್ ಬಿಸಿಯೇರಿದಾಗ ಬಿರುಕು ಬಿಡಬಹುದು. ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ಅಧಿಕ ವೇಗದಲ್ಲಿ ತಿರುಚು ಕಂಪನಕ್ಕೆ ಒಳಗಾಗುವುದರಿಂದ ಅದರ ತುದಿಯಲ್ಲಿರುವ ಡ್ಯಾಂಪರ್ ಉತ್ತಮ ಸ್ಥಿತಿಯಲ್ಲಿರಬೇಕು.

ಹೆಡ್ ಮತ್ತು ಕಾರ್ಬ್ಯುರೇಟರ್

ಎಲ್ ಸರಣಿಯ ಹೆಡ್ಡಿನಲ್ಲಿ ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ದ್ವಾರಗಳು ಒಂದೇ ಬದಿಯಲ್ಲಿವೆ. ಹೊಗೆ ಕೊಳವೆಗಳ ಬಿಸಿ ನೇರವಾಗಿ ಮೇಲಿರುವ ಕಾರ್ಬ್ಯುರೇಟರ್‌ಗಳಿಗೆ ತಗಲುತ್ತದೆ. ಬೇಸಿಗೆಯಲ್ಲಿ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಎಂಜಿನ್ ನಿಲ್ಲುವ ತೊಂದರೆಗೆ ಇದೇ ಕಾರಣ. ಮಾರ್ಪಾಡಿನಲ್ಲಿ ಇವೆರಡರ ನಡುವೆ ಶಾಖತಡೆ ಹಾಳೆ ಅಳವಡಿಸುವುದು ಸಾಮಾನ್ಯ.

ಹೆಡ್ಡಿನಲ್ಲಿ ಇ31, ಎನ್42, ಪಿ90 ಮುಂತಾದ ಗುರುತಿನ ಹಲವು ಬಗೆಗಳಿವೆ. ಅವುಗಳ ದಹನ ಕೋಶದ ಗಾತ್ರ ಬೇರೆ ಬೇರೆಯಾಗಿರುವುದರಿಂದ ಹೆಡ್ ಬದಲಿಸಿದರೆ ಎಂಜಿನ್ನಿನ ಸಂಪೀಡನ ಅನುಪಾತವೂ ಬದಲಾಗುತ್ತದೆ. ಉದಾಹರಣೆಗೆ ಆರಂಭದ 240ಝಡ್‌ನ ಇ31 ಹೆಡ್ಡನ್ನು ದೊಡ್ಡ ಎಲ್28 ಬ್ಲಾಕಿನ ಮೇಲೆ ಕೂರಿಸಿದರೆ ಅನುಪಾತ ಏರುತ್ತದೆ. ಆದರೆ ಅನುಪಾತ ಅತಿಯಾದಾಗ ಸಾಮಾನ್ಯ ಪೆಟ್ರೋಲ್ ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್‌ಗಳಿಗೆ ಪೆಟ್ಟು ಬೀಳುತ್ತದೆ.

ಇಟಲಿಯ ವೆಬರ್ ಅಥವಾ ಜಪಾನಿನ ಮಿಕುನಿ ಕಂಪನಿಯ ಮೂರು ಜೋಡಿ-ಕೊಳವೆ ಕಾರ್ಬ್ಯುರೇಟರ್‌ಗಳನ್ನು ಅಳವಡಿಸಿದಾಗ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಗಾಳಿಮಾರ್ಗ ದೊರೆಯುತ್ತದೆ. ಇವುಗಳ ಜೆಟ್‌ಗಳನ್ನು ಎಂಜಿನ್ನಿಗೂ ಊರಿನ ಎತ್ತರಕ್ಕೂ ಹೊಂದುವಂತೆ ಕೂರಿಸಬೇಕು. ಇಂದು ಅನೇಕರು ಕಾರ್ಬ್ಯುರೇಟರ್ ಬದಲು ಗಣಕ ನಿಯಂತ್ರಿತ ಇಂಧನ ಇಂಜೆಕ್ಷನ್ ಆರಿಸಿಕೊಳ್ಳುತ್ತಾರೆ.

ಟರ್ಬೊ

ನಿಸ್ಸಾನ್ 1981ರಲ್ಲಿ 280ಝಡ್‌ಎಕ್ಸ್ ಟರ್ಬೊ ಕಾರಿಗಾಗಿ ಎಲ್28ಇಟಿ ಎಂಬ 180 ಅಶ್ವಶಕ್ತಿಯ ಎಂಜಿನ್ ಒದಗಿಸಿತು. ಹೊರಹೋಗುವ ಹೊಗೆಯ ಬಲದಿಂದ ತಿರುಗುವ ಟರ್ಬೊ, ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಈ ಒತ್ತಡವನ್ನು ತಾಳಿಕೊಳ್ಳಲು ಎಂಜಿನ್ನಿನ ಸಂಪೀಡನ ಅನುಪಾತವನ್ನು 7.4ಕ್ಕೆ ಇಳಿಸಲಾಗಿತ್ತು. ಇದು ಅದೇ ಕುಟುಂಬದ ಎಂಜಿನ್ ಆದುದರಿಂದ ಹಳೆಯ 240ಝಡ್‌ನಲ್ಲಿ ಕಡಿಮೆ ಶ್ರಮದಿಂದ ಕೂರುತ್ತದೆ. ವೈರಿಂಗ್ ಮತ್ತು ಇಂಧನ ಪಂಪ್ ಮಾತ್ರ ಹೊಸದಾಗಿ ಮಾಡಬೇಕಾಗುತ್ತದೆ.

ಬೇರೆ ಕುಟುಂಬದ ಎಂಜಿನ್‌ಗಳು

ಆರ್‌ಬಿ ಸರಣಿ

ಎಲ್ ಸರಣಿಯ ನಂತರ ನಿಸ್ಸಾನ್ ತಯಾರಿಸಿದ ಆರ್‌ಬಿ ಸರಣಿಯೂ ಒಂದೇ ಸಾಲಿನ ಆರು ಸಿಲಿಂಡರ್‌ಗಳ ಎಂಜಿನ್. ಇದರ ಬ್ಲಾಕ್ ಎರಕದ ಕಬ್ಬಿಣದ್ದು. ಇವುಗಳಲ್ಲಿ 1989ರ ಸ್ಕೈಲೈನ್ ಜಿಟಿ-ಆರ್ ಕಾರಿನ ಆರ್‌ಬಿ26ಡಿಇಟಿಟಿ ಅತ್ಯಂತ ಪ್ರಸಿದ್ಧ. 2,568 ಸಿಸಿಯ ಈ ಎಂಜಿನ್ನಿಗೆ ಎರಡು ಟರ್ಬೊಗಳಿದ್ದು, ಕಂಪನಿಯು 280 ಪಿಎಸ್ ಶಕ್ತಿಯನ್ನು ಘೋಷಿಸಿತ್ತು. ಕಂಪನಿಯ ಪರಂಪರೆಯೊಳಗೇ ಉಳಿಯಬಯಸುವವರು ಈ ಎಂಜಿನ್ನನ್ನು ಆರಿಸುತ್ತಾರೆ.

ಇಲ್ಲಿ ಎದುರಾಗುವ ತೊಡಕು ಎಂಜಿನ್ನಿನ ಕೆಳಭಾಗದಲ್ಲಿದೆ. ಜಿಟಿ-ಆರ್ ನಾಲ್ಕು ಚಕ್ರಗಳ ಚಾಲನೆಯ ಕಾರು. ಅದರ ಮುಂದಿನ ಡಿಫರೆನ್ಷಿಯಲ್ ಎಂಜಿನ್ನಿನ ಆಯಿಲ್ ಸಂಪ್‌ಗೆ ಅಂಟಿಕೊಂಡೇ ಇರುತ್ತದೆ. ಹಿಂದಿನ ಚಕ್ರಗಳಷ್ಟೇ ಚಾಲಿತವಾದ 240ಝಡ್‌ಗೆ ಇದನ್ನು ಹಾಕಬೇಕಾದರೆ ಸಂಪ್ ಬದಲಿಸಿ, ಎಣ್ಣೆ ಎಳೆಯುವ ಕೊಳವೆಯನ್ನು ಸರಿಹೊಂದಿಸಿ, ಹಿಂದಿನ ಚಕ್ರಗಳ ಚಾಲನೆಗೆ ತಕ್ಕ ಗೇರ್‌ಬಾಕ್ಸ್ ಜೋಡಿಸಬೇಕು. ಮೊದಲಿನಿಂದಲೂ ಹಿಂದಿನ ಚಕ್ರಗಳ ಚಾಲನೆಯ ಕಾರುಗಳಲ್ಲಿ ಬಳಕೆಯಾದ ಆರ್‌ಬಿ25ಡಿಇಟಿ ಎಂಜಿನ್ನಿನಲ್ಲಿ ಈ ತೊಂದರೆ ಇಲ್ಲ. ಆದ್ದರಿಂದ ಖರ್ಚು ಮತ್ತು ಶ್ರಮ ಉಳಿಸಲು ಬಯಸುವವರು ಅದನ್ನೇ ಆರಿಸುವುದುಂಟು.

ಅಮೆರಿಕದ ವಿ8 ಎಂಜಿನ್‌ಗಳು

ಅಮೆರಿಕದಲ್ಲಿ 1970ರ ದಶಕದಿಂದಲೇ ಈ ಕಾರುಗಳಿಗೆ ಶೆವ್ರೊಲೆ ಕಂಪನಿಯ ವಿ8 ಎಂಜಿನ್‌ಗಳನ್ನು ಅಳವಡಿಸಲಾಗುತ್ತಿತ್ತು. ಎರಕದ ಕಬ್ಬಿಣದ ಆ ಎಂಜಿನ್‌ಗಳಿಂದ ಕಾರಿನ ಮೂತಿ ಭಾರವಾಗದಂತೆ ಅವನ್ನು ಸಾಧ್ಯವಾದಷ್ಟು ಹಿಂದಕ್ಕೆ ಕೂರಿಸುತ್ತಿದ್ದರು. 1997ರ ಕಾರ್ವೆಟ್ ಕಾರಿನೊಂದಿಗೆ ಬಂದ ಎಲ್‌ಎಸ್1 ಎಂಜಿನ್ ಈ ಸ್ಥಿತಿಯನ್ನು ಬದಲಾಯಿಸಿತು. 5.7 ಲೀಟರ್ ಸಾಮರ್ಥ್ಯ ಮತ್ತು 345 ಅಶ್ವಶಕ್ತಿಯ ಈ ಎಂಜಿನ್ನಿನ ಬ್ಲಾಕ್ ಹಾಗೂ ಹೆಡ್‌ಗಳು ಅಲ್ಯೂಮಿನಿಯಂನವು. ಗಾತ್ರ ದೊಡ್ಡದಾದರೂ ಇದು ಹಳೆಯ ಆರು ಸಿಲಿಂಡರಿನ ಎಂಜಿನ್ನಿಗಿಂತ ಉದ್ದದಲ್ಲಿ ಚಿಕ್ಕದು. ಹೀಗಾಗಿ ಮುಂದಿನ ಚಕ್ರಗಳ ಮೇಲಿನ ಭಾರ ಹೆಚ್ಚದಂತೆ ಕೂರಿಸಲು ಸಾಧ್ಯವಾಗುತ್ತದೆ.

ಇದರ ವಿರುದ್ಧ ಕೇಳಿಬರುವ ಆಕ್ಷೇಪ ಮುಖ್ಯವಾಗಿ ಕಾರಿನ ಸ್ವಭಾವಕ್ಕೆ ಸಂಬಂಧಿಸಿದೆ. ಸಾಲು ಆರು ಸಿಲಿಂಡರಿನ ಎಂಜಿನ್ನಿನ ನಯವಾದ ಓಟ ಮತ್ತು ಧ್ವನಿಯೇ ಝಡ್ ಕಾರಿನ ಲಕ್ಷಣವೆಂದು ಅನೇಕ ಅಭಿಮಾನಿಗಳು ಭಾವಿಸುತ್ತಾರೆ.

ಡ್ರೈವ್‌ಟ್ರೇನ್

ಎಂಜಿನ್ನಿನ ತಿರುಚುಬಲ ಅಥವಾ ಟಾರ್ಕ್ ಚಕ್ರಗಳಿಗೆ ಇದ್ದಂತೆಯೇ ತಲಪುವುದಿಲ್ಲ. ಅದು ಗೇರ್‌ಬಾಕ್ಸಿನಲ್ಲಿ ಒಮ್ಮೆ, ಡಿಫರೆನ್ಷಿಯಲ್‌ನಲ್ಲಿ ಮತ್ತೊಮ್ಮೆ ಗುಣಿತವಾಗುತ್ತದೆ. ಮೊದಲ ಗೇರಿನ ಅನುಪಾತ 3.5 ಮತ್ತು ಡಿಫರೆನ್ಷಿಯಲ್ ಅನುಪಾತ 3.4 ಎಂದಿಟ್ಟುಕೊಂಡರೆ, 200 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್ ಹಿಂದಿನ ಎರಡು ಹಾಫ್ ಶಾಫ್ಟ್‌ಗಳಿಗೆ ಒಟ್ಟು 2,380 ನ್ಯೂಟನ್ ಮೀಟರ್ ಬಲವನ್ನು ಕಳುಹಿಸುತ್ತದೆ. ಎಂಜಿನ್ನಿನ ಟಾರ್ಕ್ 350ಕ್ಕೆ ಏರಿದರೆ ಅಲ್ಲಿ ಬೀಳುವ ಬಲ 4,165 ಆಗುತ್ತದೆ. ಎಂಜಿನ್ನಿನಲ್ಲಿ 150ರಷ್ಟು ಹೆಚ್ಚಿಸಿದ್ದು ಹಿಂದಿನ ಶಾಫ್ಟ್‌ಗಳಲ್ಲಿ ಸುಮಾರು 1,800ರಷ್ಟು ಹೊರೆಯಾಗುತ್ತದೆ. ಶಕ್ತಿ ಹೆಚ್ಚಿಸಿದ ಕಾರುಗಳಲ್ಲಿ ಎಂಜಿನ್ನಿಗಿಂತ ಮೊದಲು ಹಿಂಭಾಗದ ಜೋಡಣೆಗಳು ಮುರಿಯುವುದು ಇದೇ ಕಾರಣದಿಂದ.

ಗೇರ್‌ಬಾಕ್ಸ್

ಅಮೆರಿಕದ 240ಝಡ್‌ಗೆ ನಾಲ್ಕು ಗೇರ್‌ಗಳ ಪೆಟ್ಟಿಗೆ ಇತ್ತು. ಐದು ಗೇರ್‌ಗಳ ಪೆಟ್ಟಿಗೆ ಅಲ್ಲಿ 1977ರ 280ಝಡ್‌ನಿಂದ ದೊರೆಯಿತು. ಹೊರ ಅಳತೆಯಲ್ಲಿ ಹೊಂದಿಕೊಳ್ಳುವ ಈ ಪೆಟ್ಟಿಗೆಯನ್ನು ಹಳೆಯ ಕಾರಿಗೆ ಹಾಕುವುದು ಅತ್ಯಂತ ಸಾಮಾನ್ಯವಾದ ಸುಧಾರಣೆ.

ಇದರ ಪ್ರಯೋಜನವನ್ನು ಲೆಕ್ಕದಿಂದ ತಿಳಿಯಬಹುದು. ಚಕ್ರದ ಸುತ್ತಳತೆ ಸುಮಾರು 1.96 ಮೀಟರ್ ಎಂದು ಹಿಡಿದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 850 ಸುತ್ತು ತಿರುಗುತ್ತದೆ. ಮೂಲದ 3.36 ಅನುಪಾತದ ಡಿಫರೆನ್ಷಿಯಲ್ ಇದ್ದಾಗ, ನೇರ ಅನುಪಾತದ ನಾಲ್ಕನೆಯ ಗೇರಿನಲ್ಲಿ ಎಂಜಿನ್ ಸುಮಾರು 2,860 ಸುತ್ತು ತಿರುಗುತ್ತದೆ. ವೇಗೋತ್ಕರ್ಷ ಚುರುಕಾಗಲೆಂದು 3.9 ಅನುಪಾತದ ಡಿಫರೆನ್ಷಿಯಲ್ ಹಾಕಿದರೆ ಅದೇ ಗೇರಿನಲ್ಲಿ ಎಂಜಿನ್ 3,300 ಸುತ್ತು ಮೀರುತ್ತದೆ. ಹೆದ್ದಾರಿಯಲ್ಲಿ ಸದ್ದೂ ಇಂಧನದ ಖರ್ಚೂ ಹೆಚ್ಚುತ್ತವೆ. ಆದರೆ 0.86 ಅನುಪಾತದ ಐದನೆಯ ಗೇರ್ ಇದ್ದರೆ ಎಂಜಿನ್ ವೇಗ ಮತ್ತೆ ಸುಮಾರು 2,850ಕ್ಕೆ ಇಳಿಯುತ್ತದೆ. ಹೀಗೆ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಎರಡನ್ನೂ ಒಟ್ಟಿಗೆ ಆರಿಸಿದಾಗ ಚುರುಕುತನ ಮತ್ತು ಮಿತವ್ಯಯ ಎರಡೂ ಸಿಗುತ್ತವೆ.

ಹೆಚ್ಚಿನ ಟಾರ್ಕಿಗೆ ಈ ಪೆಟ್ಟಿಗೆಗಳು ಸಾಲುವುದಿಲ್ಲ. ಟರ್ಬೊ ಎಂಜಿನ್ನಿನೊಂದಿಗೆ 280ಝಡ್‌ಎಕ್ಸ್ ಟರ್ಬೊ ಕಾರಿನ ಬೋರ್ಗ್ ವಾರ್ನರ್ ಟಿ5 ಪೆಟ್ಟಿಗೆಯನ್ನೂ, ಆರ್‌ಬಿ ಎಂಜಿನ್ನಿನೊಂದಿಗೆ ಆರ್‌ಬಿ25ಡಿಇಟಿಯ ದೃಢವಾದ ಐದು ಗೇರ್‌ಗಳ ಪೆಟ್ಟಿಗೆಯನ್ನೂ, ಎಲ್‌ಎಸ್1 ಎಂಜಿನ್ನಿನೊಂದಿಗೆ ಆರು ಗೇರ್‌ಗಳ ಟಿ56 ಪೆಟ್ಟಿಗೆಯನ್ನೂ ಬಳಸುವುದು ರೂಢಿ. ಪೆಟ್ಟಿಗೆಯ ಉದ್ದ ಬದಲಾದಾಗ ಪ್ರೊಪೆಲ್ಲರ್ ಶಾಫ್ಟನ್ನು ಹೊಸ ಅಳತೆಗೆ ಮಾಡಿಸಿ, ತಿರುಗುವಾಗ ನಡುಗದಂತೆ ತೂಕ ಸರಿದೂಗಿಸಬೇಕು. ಎಂಜಿನ್, ಶಾಫ್ಟ್ ಮತ್ತು ಡಿಫರೆನ್ಷಿಯಲ್‌ಗಳ ಕೋನಗಳು ಹೊಂದದಿದ್ದರೆ ವೇಗ ಹೆಚ್ಚಿದಂತೆ ಕಂಪನ ಹೆಚ್ಚುತ್ತದೆ.

ಡಿಫರೆನ್ಷಿಯಲ್ ಮತ್ತು ಹಾಫ್ ಶಾಫ್ಟ್

240ಝಡ್‌ನ ಡಿಫರೆನ್ಷಿಯಲ್‌ಗೆ ಆರ್180 ಎಂಬ ಗುರುತಿದೆ. ಈ ಸಂಖ್ಯೆ ಅದರ ಕ್ರೌನ್ ವೀಲ್‌ನ ವ್ಯಾಸವನ್ನು ಮಿಲಿಮೀಟರ್‌ಗಳಲ್ಲಿ ಸೂಚಿಸುತ್ತದೆ. 280ಝಡ್‌ನ ಆರ್200 ಇದಕ್ಕಿಂತ ದೊಡ್ಡದೂ ಗಟ್ಟಿಯೂ ಆಗಿರುವುದರಿಂದ ಶಕ್ತಿ ಹೆಚ್ಚಿಸಿದ ಕಾರುಗಳಿಗೆ ಅದನ್ನೇ ಹಾಕುತ್ತಾರೆ. ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರಿನ ಹಿಂದಿನ ಡಿಫರೆನ್ಷಿಯಲ್ ಸಹ ಆರ್180 ಮಾದರಿಯದೇ. ಒಂದು ಚಕ್ರ ಜಾರಿದಾಗಲೂ ಮತ್ತೊಂದಕ್ಕೆ ಬಲ ಒದಗಿಸುವ ವ್ಯವಸ್ಥೆ ಅದರಲ್ಲಿರುವುದರಿಂದ ಅದನ್ನು ಹೊಂದಿಸಿಕೊಳ್ಳುವವರೂ ಇದ್ದಾರೆ.

ಡಿಫರೆನ್ಷಿಯಲ್‌ನ ಮುಂಭಾಗವನ್ನು ಹಿಡಿದಿರುವ ರಬ್ಬರ್ ಮೌಂಟಿಂಗ್ ಈ ಕಾರಿನ ಪ್ರಸಿದ್ಧ ದುರ್ಬಲ ಸ್ಥಳ. ಜೋರಾಗಿ ವೇಗ ಹೆಚ್ಚಿಸಿದಾಗ ಡಿಫರೆನ್ಷಿಯಲ್‌ನ ಮೂತಿ ಮೇಲಕ್ಕೆ ಏಳಲು ಯತ್ನಿಸುತ್ತದೆ. ಅದನ್ನು ತಡೆಯಲು ಕಾರ್ಖಾನೆಯೇ ಒಂದು ಪಟ್ಟಿಯನ್ನು ಒದಗಿಸಿತ್ತು. ರಬ್ಬರ್ ಹಳೆಯದಾಗಿ ಹರಿದಾಗ ಗೇರ್ ಬದಲಿಸುವ ವೇಳೆ ಕೆಳಗಿನಿಂದ ಬಡಿತದ ಸದ್ದು ಬರುತ್ತದೆ. ಹೆಚ್ಚು ಶಕ್ತಿಯ ಕಾರುಗಳಲ್ಲಿ ಇದರ ಬದಲು ಮೇಲಿನಿಂದಲೂ ಒತ್ತಿ ಹಿಡಿಯುವ ಗಟ್ಟಿ ಮೌಂಟಿಂಗ್ ಅಳವಡಿಸುತ್ತಾರೆ.

ಮೂಲದ ಹಾಫ್ ಶಾಫ್ಟ್‌ಗಳಲ್ಲಿ ಯೂನಿವರ್ಸಲ್ ಜಾಯಿಂಟ್‌ಗಳಿವೆ. ಹೆಚ್ಚಿನ ಟಾರ್ಕಿನಲ್ಲಿ ಅವು ಸವೆದು ಮುರಿಯುತ್ತವೆ. ಅವುಗಳ ಬದಲು 280ಝಡ್‌ಎಕ್ಸ್ ಟರ್ಬೊ ಕಾರಿನ ಸಿ.ವಿ. ಜಾಯಿಂಟ್ ಶಾಫ್ಟ್‌ಗಳನ್ನು ಬಳಸಬಹುದು. ಚಕ್ರವನ್ನು ಹಿಡಿದಿರುವ ಗಿಡ್ಡ ಶಾಫ್ಟಿನಲ್ಲಿ 240ಝಡ್‌ಗೆ 25 ಹಲ್ಲುಗಳೂ 280ಝಡ್‌ಗೆ 27 ಹಲ್ಲುಗಳೂ ಇದ್ದು, ಎರಡನೆಯದು ಹೆಚ್ಚು ಗಟ್ಟಿ. ಅತಿ ವೇಗದಲ್ಲಿ ಈ ಶಾಫ್ಟ್ ಮುರಿದರೆ ಚಕ್ರವೇ ಕಳಚಿಕೊಳ್ಳುವ ಅಪಾಯವಿರುವುದರಿಂದ, ಇದನ್ನು ಬದಲಿಸುವುದು ವೇಗದ ಪ್ರಶ್ನೆಗಿಂತ ಸುರಕ್ಷತೆಯ ಪ್ರಶ್ನೆಯಾಗಿದೆ.

ದೇಹಚೌಕಟ್ಟು ಮತ್ತು ಬ್ರೇಕ್

ಎಸ್30 ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ದೇಹವೇ ಭಾರ ಹೊರುತ್ತದೆ. ತುಕ್ಕು ಈ ಕಾರಿನ ದೊಡ್ಡ ಶತ್ರು. ಬ್ಯಾಟರಿ ಇಡುವ ತಟ್ಟೆಯ ಸುತ್ತ, ನೆಲದ ತಗಡು, ಅದರ ಕೆಳಗಿನ ಉದ್ದನೆಯ ತೊಲೆಗಳು ಮತ್ತು ಬಾಗಿಲ ಕೆಳಗಿನ ಅಂಚುಗಳಲ್ಲಿ ಅದು ಮೊದಲು ಕಾಣಿಸಿಕೊಳ್ಳುತ್ತದೆ. ತುಕ್ಕು ತಿಂದ ತೊಲೆಗಳ ನಡುವೆ ಮೂಲಕ್ಕಿಂತ ಎರಡು ಮೂರು ಪಟ್ಟು ಶಕ್ತಿಯ ಎಂಜಿನ್ ಕೂರಿಸಿದರೆ ದೇಹ ತಿರುಚಿಕೊಳ್ಳುತ್ತದೆ, ಬಾಗಿಲುಗಳು ಸರಿಯಾಗಿ ಮುಚ್ಚುವುದಿಲ್ಲ ಮತ್ತು ಕಾರು ನೇರ ದಾರಿಯಲ್ಲಿ ಸ್ಥಿರವಾಗಿ ಓಡುವುದಿಲ್ಲ. ಆದ್ದರಿಂದ ಎಂಜಿನ್ ಕೆಲಸಕ್ಕೆ ಮೊದಲು ತೊಲೆಗಳನ್ನು ಹೊಸದಾಗಿ ಬೆಸೆದು ಬಲಪಡಿಸುವುದು ಸರಿಯಾದ ಕ್ರಮ.

ಚಲಿಸುವ ಕಾರಿನ ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 160 ಕಿ.ಮೀ. ವೇಗದ ಕಾರನ್ನು ನಿಲ್ಲಿಸಲು 100 ಕಿ.ಮೀ. ವೇಗದ ಕಾರಿಗಿಂತ ಎರಡೂವರೆ ಪಟ್ಟು ಹೆಚ್ಚು ಶಕ್ತಿಯನ್ನು ಬ್ರೇಕ್‌ಗಳು ಶಾಖವಾಗಿ ಹೊರಹಾಕಬೇಕು. ಮುಂದಿನ ಚಕ್ರಗಳಿಗೆ ಟೊಯೊಟಾ ಪಿಕಪ್ ವಾಹನದ ನಾಲ್ಕು ಪಿಸ್ಟನ್‌ಗಳ ಕ್ಯಾಲಿಪರ್ ಹಾಕುವುದು ಬಹುಕಾಲದಿಂದ ಬಳಕೆಯಲ್ಲಿರುವ ಮಿತವ್ಯಯದ ಉಪಾಯ. ಮುಂದಿನ ಬ್ರೇಕ್ ಮಾತ್ರ ಬಲವಾಗಿ ಹಿಂದಿನದು ಹಾಗೆಯೇ ಉಳಿದರೆ ಸಮತೋಲ ತಪ್ಪುವುದರಿಂದ ಹಿಂದಿನ ಡ್ರಮ್ ಮತ್ತು ಮಾಸ್ಟರ್ ಸಿಲಿಂಡರ್‌ಗಳನ್ನೂ ಪರಿಶೀಲಿಸಬೇಕಾಗುತ್ತದೆ. ಎಂಜಿನ್ ದೊಡ್ಡದಾದಾಗ ರೇಡಿಯೇಟರ್ ಮತ್ತು ಫ್ಯಾನ್‌ಗಳ ಸಾಮರ್ಥ್ಯವೂ ಹೆಚ್ಚಬೇಕು.

ಕ್ರೀಡೆ ಮತ್ತು ಜನಪ್ರಿಯ ಸಂಸ್ಕೃತಿ

ಮಾರ್ಪಾಡಿನ ಪರಂಪರೆಗೆ ಮೋಟಾರು ಕ್ರೀಡೆಯೇ ತವರು. ಅಮೆರಿಕದಲ್ಲಿ ಪೀಟರ್ ಬ್ರಾಕ್ ಅವರ ಬಿಆರ್‌ಇ ತಂಡದ 240ಝಡ್ ಕಾರನ್ನು ಓಡಿಸಿದ ಜಾನ್ ಮಾರ್ಟನ್ 1970 ಮತ್ತು 1971ರಲ್ಲಿ ಸಿ-ಪ್ರೊಡಕ್ಷನ್ ವರ್ಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯಲ್ಲಿ 240ಝಡ್ 1971 ಮತ್ತು 1973ರಲ್ಲಿ ಜಯಗಳಿಸಿತು. 1973ರಲ್ಲಿ ಕಾರನ್ನು ಓಡಿಸಿದವರು ಉಗಾಂಡಾದಲ್ಲಿ ಜನಿಸಿದ ಭಾರತೀಯ ಮೂಲದ ಶೇಖರ್ ಮೆಹ್ತಾ. ಮುಂದೆ ಅವರು ಆ ರ‍್ಯಾಲಿಯನ್ನು ಒಟ್ಟು ಐದು ಬಾರಿ ಗೆದ್ದರು.

ಜಪಾನಿನಲ್ಲಿ ಮಿಚಿಹಾರು ಕುಸುನೋಕಿ ಅವರ 'ವಾಂಗನ್ ಮಿಡ್‌ನೈಟ್' ಎಂಬ ಚಿತ್ರಕಥಾ ಸರಣಿಯ ಕೇಂದ್ರದಲ್ಲಿರುವುದು 3.1 ಲೀಟರಿಗೆ ಹಿಗ್ಗಿಸಿದ, ಎರಡು ಟರ್ಬೊಗಳ ಎಲ್28 ಎಂಜಿನ್ ಹೊಂದಿದ ಎಸ್30 ಕಾರು. ನಟ ಸಂಗ್ ಕಾಂಗ್ ಅವರು ಆರ್‌ಬಿ26 ಎಂಜಿನ್ ಅಳವಡಿಸಿದ ತಮ್ಮ 240ಝಡ್ ಕಾರನ್ನು 2015ರಲ್ಲಿ ಅಮೆರಿಕದ ಸೆಮಾ ಪ್ರದರ್ಶನದಲ್ಲಿ ಇಟ್ಟಿದ್ದರು.

ಕಾನೂನು

ಮಾರ್ಪಾಡಿನ ಕಾನೂನು ಆಯಾ ಪ್ರದೇಶಕ್ಕೆ ಅನುಸಾರ ಬೇರೆಯಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ಇದರಿಂದ 240ಝಡ್, 260ಝಡ್ ಹಾಗೂ ಮೊದಲ ವರ್ಷದ 280ಝಡ್ ಕಾರುಗಳಿಗೆ ಎಂಜಿನ್ ಬದಲಿಸುವುದು ಸುಲಭ. 1976ರ ನಂತರದ ಕಾರಿಗಾದರೆ ಅದೇ ವರ್ಷದ ಅಥವಾ ನಂತರದ ಎಂಜಿನ್ನನ್ನು, ಅದರ ಹೊಗೆ ನಿಯಂತ್ರಣ ಸಾಧನಗಳೊಂದಿಗೆ ಮಾತ್ರ ಅಳವಡಿಸಬಹುದು. ಹೊರನೋಟಕ್ಕೆ ಒಂದೇ ಬಗೆಯ ಎರಡು ಕಾರುಗಳ ಬೆಲೆಯಲ್ಲಿ ಈ ಒಂದು ವರ್ಷದ ಅಂತರವೂ ಲೆಕ್ಕಕ್ಕೆ ಬರುತ್ತದೆ. ಜಪಾನಿನಲ್ಲಿ 2,000 ಸಿಸಿ ಮೀರಿದ ಎಂಜಿನ್ ಹಾಕಿದರೆ ನೋಂದಣಿಯ ವರ್ಗ ಬದಲಾಗುತ್ತದೆ, ವಾರ್ಷಿಕ ತೆರಿಗೆಯೂ ಹೆಚ್ಚುತ್ತದೆ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಬ್ಯಾಟರಿ, ಸಿಎನ್‌ಜಿ ಮುಂತಾದ ಬೇರೆ ಇಂಧನಕ್ಕೆ ಹೊಂದಿಸುವ ಬದಲಾವಣೆಗೆ ಮಾತ್ರ ಷರತ್ತುಗಳೊಂದಿಗೆ ಅವಕಾಶವಿದೆ. 2021ರ ಜುಲೈನಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ, 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದು ಮೂಲರೂಪದಲ್ಲೇ ಇರಬೇಕು. ಎಂಜಿನ್, ಚಾಸಿ ಅಥವಾ ದೇಹದಲ್ಲಿ ಗಣನೀಯ ಮಾರ್ಪಾಡು ಆಗಿದ್ದರೆ ಆ ಮಾನ್ಯತೆ ದೊರೆಯುವುದಿಲ್ಲ. ಈ ನಿಯಮಗಳು ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ ಅನ್ವಯಿಸುತ್ತವೆ.

ಮೂಲರೂಪದ ಪ್ರಶ್ನೆ

ಬಹುಕಾಲ 240ಝಡ್ ಅಗ್ಗದ ಹಳೆಯ ಕಾರಾಗಿತ್ತು. ಅದನ್ನು ಕತ್ತರಿಸಿ ಬೆಸೆಯಲು ಯಾರೂ ಹಿಂಜರಿಯುತ್ತಿರಲಿಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ನಿಸ್ಸಾನಿನ ಅಮೆರಿಕ ಶಾಖೆಯೇ ಕೆಲವು ಹಳೆಯ 240ಝಡ್‌ಗಳನ್ನು ಕೊಂಡು, ಮೂಲರೂಪಕ್ಕೆ ತಂದು, ತನ್ನ ಮಾರಾಟಗಾರರ ಮೂಲಕ ಮಾರಿತು. 2020ರ ಜನವರಿಯಲ್ಲಿ ಮೂಲರೂಪದಲ್ಲಿ ಚೆನ್ನಾಗಿ ಉಳಿದಿದ್ದ ಒಂದು 240ಝಡ್ ಅಮೆರಿಕದ ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರಿಗೆ ಮಾರಾಟವಾಯಿತು. ಎಲ್ಲ ಕಾರುಗಳಿಗೂ ಇಂಥ ಬೆಲೆ ಸಿಗದಿದ್ದರೂ, ತುಕ್ಕಿಲ್ಲದ ಮೂಲರೂಪದ ಕಾರು ಮತ್ತೆ ಸಿಗುವಂಥದ್ದಲ್ಲ ಎಂಬ ಅರಿವು ಇದರಿಂದ ಹರಡಿತು.

ಈ ಹಿನ್ನೆಲೆಯಲ್ಲಿ ಮಾರ್ಪಾಡುಗಳನ್ನು ಎರಡು ಬಗೆಯಾಗಿ ನೋಡಲಾಗುತ್ತದೆ. ಮೊದಲನೆಯದು ಹಿಂದಿರುಗಿಸಬಹುದಾದ ಮಾರ್ಪಾಡು. ಎಲ್28 ಎಂಜಿನ್, ಐದು ಗೇರ್‌ಗಳ ಪೆಟ್ಟಿಗೆ, ಆರ್200 ಡಿಫರೆನ್ಷಿಯಲ್, ಉತ್ತಮ ಬ್ರೇಕ್ ಮುಂತಾದವನ್ನು ಬೋಲ್ಟ್ ಬಿಚ್ಚಿ ತೆಗೆದು ಮೂಲ ಭಾಗಗಳನ್ನು ಮರಳಿ ಜೋಡಿಸಬಹುದು. ಎರಡನೆಯದು ಹಿಂದಿರುಗಿಸಲಾಗದ ಮಾರ್ಪಾಡು. ನೆಲದ ತಗಡನ್ನು ಕತ್ತರಿಸುವುದು, ಎಂಜಿನ್ ಹಿಂದಿನ ಗೋಡೆಯನ್ನು ಸರಿಸುವುದು, ಚಕ್ರದ ಕಮಾನುಗಳನ್ನು ಕೊಯ್ಯುವುದು ಈ ಬಗೆಗೆ ಸೇರುತ್ತವೆ. ಮೊದಲ ಬಗೆಯ ಕೆಲಸ ಮಾಡುವವರು ತೆಗೆದ ಮೂಲ ಎಂಜಿನ್ನನ್ನು ಕಾರಿನ ಸಂಖ್ಯೆಯ ಗುರುತಿನೊಂದಿಗೆ ಜೋಪಾನವಾಗಿ ಇರಿಸಿಕೊಳ್ಳುವುದು ವಾಡಿಕೆ. ದೊಡ್ಡ ಬದಲಾವಣೆಗೆ ತುಕ್ಕು ಹಿಡಿದು ಮೂಲ ಎಂಜಿನ್ ಕಳೆದುಕೊಂಡ ಕಾರುಗಳನ್ನು ಆರಿಸಿಕೊಂಡರೆ, ಉಳಿದಿರುವ ಮೂಲರೂಪದ ಕಾರುಗಳ ಸಂಖ್ಯೆ ಕುಗ್ಗುವುದಿಲ್ಲ. ಜೊತೆಗೆ ಗುಜರಿ ಸೇರಬೇಕಾಗಿದ್ದ ಕಾರೊಂದು ಮತ್ತೆ ರಸ್ತೆಗೆ ಬರುತ್ತದೆ.